ನೇತಾಡುವಾಗ ಬಿಗಿದ ಬೋಲ್ಟು

ಹೆಂಡತಿ: ನಿಲ್ಲಿಸ್ರೀ. ನಾನು ಇಳೀತೀನಿ.

ಗಂಡ: ಇನ್ನೂ ರೋಡ್ ಹಂಪ್ ಬಂದಿಲ್ಲ ಕಣೇ. ಬಂದಾಗ ನಾನೇ ಹೇಳ್ತೀನಿ.

ಹೆಂಡತಿ: ಹಂಪಿಗೋಸ್ಕರ ಅಲ್ಲ. ಪೂರ್ತಿ ಇಳೀತೀನಿ. ಮನೆಗೆ ನಡ್ಕೊಂಡೇ ಹೋಗ್ತೀನಿ.

ಗಂಡ: ಕಾರಿದ್ದೂ ನಡ್ಕೊಂಡು ಹೋದ್ರೆ ನೋಡ್ದೋರು ಏನಂತಾರೆ?

ಹೆಂಡತಿ: ಮನೆಯಿಂದ ಇಲ್ಲೀವರೆಗೂ ಒಂದೊಂದು ಹಂಪಿಗೂ ಇಳಿದು, ಹಂಪ್ ದಾಟಿ, ಮತ್ತೆ ಹತ್ತಿ ಬಂದಿದೀವಲ್ಲ, ಆಗ ನೋಡ್ದೋರು ಏನಂದ್ರು? ಆ ಔಷಧಿ ಅಂಗಡಿಯವನು ಒಳಗಿಂದ ಕುರ್ಚಿ ತಂದು ನಿಮ್ಮ ಅಮ್ಮನಿಗೆ ಹಾಕ್ದ. ಪಾಪ, ಕಾರು ಕೆಟ್ಟಿರ್ಬೇಕು ಅಂತ.

ಗಂಡ: ಒಳ್ಳೇ ಮನುಷ್ಯ ಅವನು.

ಗಂಡ ಅಂಚೆ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಟೈಲರ್, ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಅವಳೂ ಹೇಳುತ್ತಾಳೆ, ಬೇರೆಯವರೂ ಹೇಳುತ್ತಾರೆ. ಮುಂದಿನ ಸೀಟಿನಲ್ಲಿ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿರುವವರು ಗಂಡನ ತಾಯಿ. ಕಾರು ಚಿಕ್ಕದು, ಬಿಳಿಯದು, ಅದರ ಯಜಮಾನನ ಹಾಗೇ ಯಾರ ತಂಟೆಗೂ ಹೋಗದೆ ಇದ್ದದ್ದು. ಹೋದ ವಾರ ಯಾರೋ ಅದರ ಸ್ಪ್ರಿಂಗ್ ಕತ್ತರಿಸಿ ನೆಲದ ಹತ್ತಿರಕ್ಕೆ ಇಳಿಸಿಕೊಟ್ಟರು. ಅಂದಿನಿಂದ ಒಳಗೆ ಜನ ಕೂತಿದ್ದರೆ ಅದರ ಹೊಟ್ಟೆ ಹಂಪಿಗೆ ತಾಗುತ್ತದೆ; ದಾರಿಯಲ್ಲಿರುವ ಒಂದೊಂದು ಹರಳನ್ನೂ ಅದು ಸೀಟಿನವರೆಗೆ ತಂದು ಒಪ್ಪಿಸುತ್ತಿದೆ. ಯಾರು ಇಳಿಸಿಕೊಟ್ಟರು ಎಂಬುದನ್ನು ಮಾತ್ರ ಗಂಡ ಬಾಯಿ ಬಿಟ್ಟಿಲ್ಲ.

ಗಂಡ: ನೀನು ಗಟ್ಟಿ ಗಟ್ಟಿ ಅಂತೀಯ. ಅದು ಗಟ್ಟಿ ಅಲ್ಲ. ರಸ್ತೆ ಗೊತ್ತಾಗೋದು.

ಹೆಂಡತಿ: ರಸ್ತೆ ಗೊತ್ತಾಗೋಕೆ ಕಿಟಕಿ ಇದೆಯಲ್ರೀ. ಬೆನ್ನುಮೂಳೆಯಿಂದ ಯಾಕೆ ನೋಡ್ಬೇಕು?

ಗಂಡ: ರೇಸಿನವರೆಲ್ಲ ಹೀಗೇ ಕೂರೋದು.

ಹೆಂಡತಿ: ಅವರು ತಾಯೀನ ಪಕ್ಕದಲ್ಲಿ ಕೂರಿಸ್ಕೊಂಡು ರೇಸಿಗೆ ಹೋಗಲ್ಲ. ನೋಡಿ, ಅತ್ತೆ ಹಲ್ಲಿನ ಸೆಟ್ಟು ಬಿಚ್ಚಿ ಚೀಲದಲ್ಲಿ ಇಟ್ಕೊಂಡಿದಾರೆ.

ಗಂಡ: ಯಾಕಮ್ಮಾ?

ಅತ್ತೆ ಚೀಲವನ್ನು ತೋರಿಸಿ, ಗಂಟಲನ್ನು ತೋರಿಸಿ, ಆಮೇಲೆ ರಸ್ತೆಯನ್ನು ತೋರಿಸಿದರು.

ಹೆಂಡತಿ: ಕುಲುಕಾಟಕ್ಕೆ ಕಳಚಿ ಎಲ್ಲಿ ನುಂಗಿಬಿಡ್ತೀನೋ ಅಂತ ಭಯ ಅವರಿಗೆ. ಹತ್ತೋ ಮುಂಚೆ ಬಿಚ್ತಾರೆ, ಇಳಿದ ಮೇಲೆ ಹಾಕ್ಕೋತಾರೆ. ಹೋದ ವಾರದಿಂದ ಈ ಕಾರಲ್ಲಿ ಅವರು ಒಂದು ಮಾತಾಡಿದ್ದು ಕೇಳಿದೀರಾ ನೀವು?

ಗಂಡ: (ಯೋಚಿಸಿ) ಅದಕ್ಕೇ ಇಂಜಿನ್ ಶಬ್ದ ಅಷ್ಟು ಚೆನ್ನಾಗಿ ಕೇಳಿಸ್ತಾ ಇತ್ತು.

ಅತ್ತೆ ಏನೋ ಹೇಳಬೇಕೆಂದು ಚೀಲದ ಜಿಪ್ ಎಳೆದರು. ಗಂಡ ಗೇರ್ ಹಾಕಿ ಕಾರನ್ನು ಮುಂದಕ್ಕೆ ಬಿಟ್ಟ. ಅತ್ತೆ ಜಿಪ್ ಮುಚ್ಚಿದರು.

ಹೆಂಡತಿ: ಇವತ್ತು ಒಂದು ದಿನ ನನ್ನ ತಲೆ ತಿನ್ಬೇಡಿ. ನನ್ನ ತಮ್ಮನ ವಿಷಯ ಇವತ್ತು ತೀರ್ಮಾನ ಆಗುತ್ತೆ. ಬೆಳಗ್ಗೆಯಿಂದ ನನಗೆ ಒಂದು ಗುಂಡಿ ಹೊಲಿಯೋಕೂ ಕೈ ಓಡಿಲ್ಲ.

ಗಂಡ: ಗೊತ್ತು.

ಹೆಂಡತಿ: ಟೈರ್ ಅಂಗಡಿ ಯಜಮಾನರು ಅವನು ಕೆಲಸ ಮಾಡಿರೋ ಯಾವುದೋ ಕಾರಲ್ಲಿ ಕೂತು, ಒಂದು ಸುತ್ತು ಹೋಗಿ ನೋಡ್ತಾರಂತೆ. ಹಿಡಿಸಿದ್ರೆ ಅಂಗಡಿ ಹಿಂದಿನ ಶೆಡ್ಡಲ್ಲಿ ಅವನಿಗೆ ಕೆಲಸ. ಹಿಡಿಸ್ಲಿಲ್ಲ ಅಂದ್ರೆ ಮುಗೀತು. ಇನ್ನು ಈ ಊರಲ್ಲಿ ಅವನನ್ನ ಒಳಗೆ ಸೇರಿಸೋ ಗ್ಯಾರೇಜ್ ಉಳಿದಿಲ್ಲ.

ಗಂಡ: ಬಾಯಿ ಸುಮ್ನಿಟ್ಕೊಂಡಿದ್ರೆ ಮೊದಲನೇ ಗ್ಯಾರೇಜಲ್ಲೇ ಇರ್ತಿದ್ದ.

ಹೆಂಡತಿ: ಸುಳ್ಳು ಹೇಳೋಕೆ ಬರಲ್ಲ ಪಾಪ ಅದಕ್ಕೆ.

ಗಂಡ: ಸುಳ್ಳು ಹೇಳು ಅಂತ ಯಾರೂ ಅನ್ಲಿಲ್ವಲ್ಲ. ಗೇರ್‌ಬಾಕ್ಸೇ ಹೋಗಿದೆ ಅಂತ ಯಜಮಾನ ಗಿರಾಕಿಗೆ ಹೇಳಿ ಮುಗಿಸಿದ್ದ. ಇವನು ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿ, 'ಇಲ್ಲ ಸರ್, ನಾನೊಂದು ನಟ್ ಹಾಕೋದು ಮರ್ತಿದ್ದೆ' ಅಂದ.

ಹೆಂಡತಿ: ಮರ್ತಿದ್ದ. ಅದಕ್ಕೆ ಹೇಳ್ದ.

ಗಂಡ: ಇನ್ನೊಂದು ಕಡೆ ಯಾರೂ ಕೇಳೇ ಇರ್ಲಿಲ್ಲ. ಸಾಯಂಕಾಲ ಗಿರಾಕಿ ಮನೆ ಹುಡುಕ್ಕೊಂಡು ಹೋಗಿ ಹೇಳಿ ಬಂದ.

ಹೆಂಡತಿ: ಬಾಯಿ ಹೇಗಾದ್ರೂ ಇರ್ಲಿ, ಅವನ ಕೈ ಚೊಕ್ಕ. ನಿಮ್ಮ ಕಾರನ್ನ ಈ ಗತಿಗೆ ತಂದಿದಾನಲ್ಲ, ಅವನ ಹಾಗಲ್ಲ. ಯಾರ್ರೀ ಆ ಮಹಾನುಭಾವ? ಅವನ ಕೈಗೆ ಸ್ಪ್ಯಾನರ್ ಕೊಟ್ಟೋರು ಯಾರು?

ಗಂಡ: ಹಾಗೆಲ್ಲ ಅನ್ಬಾರ್ದು.

ಹೆಂಡತಿ: ಯಾಕನ್ಬಾರ್ದು? ಅವನಿಗೂ ಮನೇಲಿ ಒಬ್ಬಳು ಅಕ್ಕನೋ ತಂಗಿನೋ ಇರ್ತಾಳಲ್ಲ, ಕರೆದು ಬುದ್ಧಿ ಹೇಳ್ಬಾರ್ದಾ?

ಗಂಡ: ಹೇಳ್ತಾಳೆ, ಹೇಳ್ತಾಳೆ. ಸ್ವಲ್ಪ ಹೊತ್ತು ತಡಿ.

ಅತ್ತೆಯ ಕೈ ಮತ್ತೆ ಜಿಪ್ಪಿನ ಮೇಲೆ ಹೋಯಿತು. ಸರಿಯಾಗಿ ಆಗಲೇ ಗಂಡ ರಸ್ತೆಯ ಗುಂಡಿಯೊಂದನ್ನು ತಪ್ಪಿಸದೆ ಹಾಯಿಸಿದ. ಮೂವರೂ ಸೀಟಿನಿಂದ ಎದ್ದು ಕೂತರು.

ಹೆಂಡತಿ: ಆಯ್ತು. ಈಗಲೇ ನನ್ನನ್ನ ಅವನ ಹತ್ರ ಕರ್ಕೊಂಡು ಹೋಗಿ.

ಗಂಡ: ಯಾಕೆ?

ಹೆಂಡತಿ: ಮುಖ ನೋಡ್ಬೇಕು.

ಗಂಡ: ನೋಡಿ ಏನ್ ಮಾಡ್ತೀಯ? ಮುಖ ಎಲ್ಲರದ್ದೂ ಒಂದೇ. ಕೆಲವರದ್ದು ನಮ್ಮ ಮನೆಯವರ ಹಾಗೇ ಇರುತ್ತೆ.

ಹೆಂಡತಿ: ಕರ್ಕೊಂಡು ಹೋಗ್ತೀರೋ, ಇಲ್ಲ ನಾಳೆಯಿಂದ ನೀವೊಬ್ಬರೇ ಕೂತು ರಸ್ತೆ ಗೊತ್ತು ಮಾಡ್ಕೋತೀರೋ?

ಗಂಡ ಕಾರು ತಿರುಗಿಸಿದ. ಅವರಿಬ್ಬರನ್ನು ಮನೆಗೆ ಬಿಟ್ಟು ಅವನು ಹೋಗಬೇಕಾಗಿದ್ದದ್ದೂ ಅಲ್ಲಿಗೇ. ಹೊತ್ತೂ ಆಗಿತ್ತು. ಟೈರ್ ಅಂಗಡಿಯ ಪಕ್ಕದ ಓಣಿಯಲ್ಲಿ ನುಸುಳಿ, ಹಳೆಯ ಟೈರುಗಳ ರಾಶಿಯನ್ನು ದಾಟಿ, ತಗಡಿನ ಶೆಡ್ಡಿನ ಮುಂದೆ ನಿಲ್ಲಿಸಿದ. ಒಳಗಿಂದ ಕೈ ಒರೆಸಿಕೊಳ್ಳುತ್ತಾ ಬಂದವನು ಅವಳ ತಮ್ಮ. ಮೂವತ್ತು ದಾಟಿದೆ, ನೆತ್ತಿ ಬೋಳಾಗುತ್ತಿದೆ; ಅಕ್ಕನ ಕಣ್ಣಿಗೆ ಮಾತ್ರ ಇನ್ನೂ ನಿಕ್ಕರಿನಲ್ಲೇ ಇದ್ದಾನೆ.

ತಮ್ಮ: ಅಕ್ಕಾ! ನೀನೂ ಬಂದ್ಯಾ? ಭಾವ ಹೇಳೇಬಿಟ್ರಾ? ಹೇಗಿದೆ ನನ್ನ ಕೆಲಸ?

ಹೆಂಡತಿ ಕಾರನ್ನು ನೋಡಿದಳು. ಗಂಡನನ್ನು ನೋಡಿದಳು. ತಮ್ಮನನ್ನು ನೋಡಿದಳು.

ಹೆಂಡತಿ: ಹೂವಿನ ಹಾಗಿದೆ ಕಣೋ.

ಗಂಡ: ಏನು?

ಹೆಂಡತಿ: ಹೂವಿನ ಹಾಗಿದೆ ಅಂದೆ. ಕೂತಿದ್ದೇ ಗೊತ್ತಾಗ್ಲಿಲ್ಲ.

ಗಂಡ: ಈಗ ತಾನೇ ಬೆನ್ನುಮೂಳೆ ಅಂತಿದ್ದೆ!

ಹೆಂಡತಿ: ಅದು ನಿಮ್ಮ ಡ್ರೈವಿಂಗ್. ಕಾರಿಗೇನು ಆಗಿದೆ?

ಗಂಡ: ಕಾರಿಗೆ ಏನು ಆಗಿದೆ ಅಂತ ನಾನು ಹೇಳ್ತೀನಿ. ಕಲ್ಲಾಗಿದೆ. ಒಂದು ವಾರದಿಂದ ನಾನು ಕಚೇರಿಯಲ್ಲಿ ನಿಂತ್ಕೊಂಡೇ ಮುದ್ರೆ ಒತ್ತುತಾ ಇದೀನಿ. ಕೂರೋಕೆ ಆಗ್ತಾ ಇಲ್ಲ.

ಹೆಂಡತಿ: ಪಾಪ, ಅವನು ಕಷ್ಟಪಟ್ಟು ಮಾಡಿದಾನೆ. ರಸ್ತೆ ಗೊತ್ತಾಗುತ್ತೆ ಅಂತ ನೀವೇ ತಾನೆ ಹೇಳಿದ್ದು?

ಗಂಡ: ನೀನು ಬಯ್ತಿದ್ದೆ, ಅದಕ್ಕೆ ಹೇಳ್ದೆ. ಬಯ್ಯದೇ ಇದ್ರೆ ನಾನ್ಯಾಕೆ ಹೇಳ್ಲಿ?

ಅಷ್ಟರಲ್ಲಿ ಅತ್ತೆ ನಿಧಾನವಾಗಿ ಇಳಿದು, ಕಾರಿಗೆ ಬೆನ್ನು ಮಾಡಿ ನಿಂತು, ಹಲ್ಲಿನ ಸೆಟ್ಟನ್ನು ಹಾಕಿಕೊಂಡರು.

ಅತ್ತೆ: ನೋಡಪ್ಪಾ, ಇವರಿಬ್ಬರ ಮಾತು ನಂಬ್ಬೇಡ. ಇವನು ಮೊದಲು ಸುಳ್ಳು ಹೇಳ್ತಿದ್ದ, ಇವಳು ಈಗ ಹೇಳ್ತಿದಾಳೆ. ಕಾರು ಕೆಟ್ಟು ಕೂತಿದೆ. ಒಂದು ವಾರದಿಂದ ಇದನ್ನ ಹೇಳೋಣ ಅಂತಲೇ ಇದ್ದೆ.

ತಮ್ಮ: ಹೌದಾ ಅಮ್ಮಾ? ಅಬ್ಬಾ, ಸದ್ಯ!

ಗಂಡ: ಸದ್ಯ ಅಂದ್ರೆ?

ತಮ್ಮ: ನಾನು ಬೆಳಗ್ಗೆ, ಸಾಯಂಕಾಲ ಫೋನ್ ಮಾಡಿ ಕೇಳಿದ್ನಲ್ಲ ಭಾವ. ನೀವು ಚೆನ್ನಾಗಿದೆ ಚೆನ್ನಾಗಿದೆ ಅಂದ್ರಿ. ಕೆಟ್ಟಿದೆ ಅಂತ ಯಾರೂ ಹೇಳದೇ ಇದ್ರೆ ನಾನು ಏನನ್ನ ಸರಿಮಾಡ್ಲಿ? ಒಂದು ವಾರ ಹಾಳಾಯ್ತು. ಈಗ ಯಜಮಾನರು ಊಟಕ್ಕೆ ಹೋಗಿದಾರೆ. ಬಂದ ತಕ್ಷಣ ಇದರಲ್ಲೇ ಕೂತು ನೋಡೋದು.

ಹೆಂಡತಿ: ಇದೇ ಕಾರಾ?

ತಮ್ಮ: ಬೇರೆ ಯಾರೂ ಕೊಡ್ಲಿಲ್ಲ ಅಕ್ಕ. ಎಷ್ಟು ಜನರನ್ನ ಕೇಳ್ದೆ. ನನ್ನ ಹೆಸರು ಕೇಳಿದ್ರೇ ಬೀಗದ ಕೈ ಜೇಬಿಗೆ ಹಾಕ್ಕೋತಾರೆ. ಭಾವ ಒಂದೂ ಮಾತಾಡ್ದೆ ಕೊಟ್ರು. ನಿನಗೆ ಹೇಳ್ಬೇಡಿ ಅಂದಿದ್ದೂ ನಾನೇ. ಗೊತ್ತಾದ್ರೆ ನೀನು ನಿದ್ದೆ ಬಿಡ್ತೀಯ ಅಂತ.

ಹೆಂಡತಿ ಗಂಡನ ಕಡೆ ತಿರುಗಿದಳು. ಕಾರು ಚಂದ ಕಾಣಲಿ ಅಂತ ಈ ಮನುಷ್ಯ ಬುದ್ಧಿ ಕೆಟ್ಟು ಇಳಿಸಿಕೊಂಡಿದ್ದಾನೆ ಎಂದೇ ಅವಳು ವಾರವಿಡೀ ಅಂದುಕೊಂಡಿದ್ದಳು. ಗಂಡ ಗೋಡೆಗೆ ಒರಗಿಸಿಟ್ಟ ಟೈರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳಿಗೆ ಅವನ ಮೇಲೆ ತುಂಬಾ ಪ್ರೀತಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಮೊದಲು ಬಾಯಿಗೆ ಬಂತು.

ಹೆಂಡತಿ: ಮೊದಲೇ ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?

ಗಂಡ: ಮಾತು ಕೊಟ್ಟಿದ್ದೆ ಕಣೇ.

ಹೆಂಡತಿ: ಸರಿ, ಏನು ಕೆಟ್ಟಿದೆ ನೋಡೋ ಬೇಗ. ಅವರು ಬರೋಷ್ಟರಲ್ಲಿ ಆಗ್ಬೇಕು.

ತಮ್ಮ ಕಾರಿನ ಸುತ್ತ ಬಂದ. ಟೈರಿನ ಗಾಳಿ ನೋಡಿದ, ಸರಿಯಿತ್ತು. ಮೂಲೆಗಳನ್ನು ಕೈಯಿಂದ ಒತ್ತಿದ, ಕಾರು ಕದಲಲಿಲ್ಲ. ಮಂಡಿಯೂರಿ ಟಾರ್ಚ್ ಹಿಡಿದು ಅಡಿಯಲ್ಲಿ ಇಣುಕಿದ.

ತಮ್ಮ: ಶಾಕ್ ಅಬ್ಸಾರ್ಬರ್ ಹೊಸದು. ಅದರಡಿಯ ರಬ್ಬರೂ ತಾಗ್ತಾ ಇಲ್ಲ. ಆದ್ರೂ ಯಾವುದೋ ಒಂದು ಇದನ್ನ ಬಿಗಿಯಾಗಿ ಹಿಡ್ಕೊಂಡಿದೆ.

ಹೆಂಡತಿ: ಯಾವುದು ಹಿಡ್ಕೊಳ್ಳೋಕೆ ಸಾಧ್ಯ?

ತಮ್ಮ: ಚಕ್ರಕ್ಕೂ ಕಾರಿಗೂ ನಡುವೆ ಒಂದು ತೋಳು ಇದೆ ಅಕ್ಕ, ನಮ್ಮ ತೋಳಿನ ಹಾಗೇ. ಅದರ ಕೀಲಲ್ಲಿ ರಬ್ಬರ್ ಇರುತ್ತೆ, ಬುಷ್ ಅಂತೀವಿ. ನಡುವೆ ಬೋಲ್ಟು. ಬೋಲ್ಟ್ ಬಿಗಿದ ಮೇಲೆ ರಬ್ಬರ್ ಆ ಭಂಗಿಯನ್ನೇ ಹಿಡ್ಕೊಂಡುಬಿಡುತ್ತೆ.

ಹೆಂಡತಿ: ನೀನು ಬಿಗಿದಾಗ ಕಾರು ನಿಂತಿತ್ತಾ?

ತಮ್ಮ: ಇಲ್ಲ, ಜಾಕ್ ಮೇಲಿತ್ತು. ಚಕ್ರ ನೇತಾಡ್ತಾ ಇತ್ತು.

ಹೆಂಡತಿ: ಅಲ್ವೋ, ಗಿರಾಕಿ ಎರಡೂ ಕೈ ಮೇಲೆತ್ತಿಕೊಂಡು ನಿಂತಾಗ ನೀನು ಕೋಟಿಗೆ ತೋಳು ಜೋಡಿಸಿದೀಯ. ಈಗ ಅವನು ಕೈ ಇಳಿಸಿದ್ರೆ ಹೆಗಲೆಲ್ಲ ಜಗ್ಗದೆ ಇನ್ನೇನಾಗುತ್ತೆ?

ತಮ್ಮ ತನ್ನ ಎರಡೂ ಕೈ ಮೇಲೆತ್ತಿ, ಇಳಿಸಿ ನೋಡಿದ. ಆಮೇಲೆ ಅವನ ಮುಖ ಊರಗಲವಾಯಿತು.

ತಮ್ಮ: ಅಕ್ಕಾ! ನಾನೇ ಕೆಡಿಸಿದ್ದು!

ಹೆಂಡತಿ: ಮೆತ್ತಗೆ ಹೇಳೋ.

ತಮ್ಮ: ಬೇರೆ ಯಾರೂ ಅಲ್ಲ, ಪೂರ್ತಿ ನಾನೇ! ಕೆಳಗಿಳಿಸಿ, ನೆಲದ ಮೇಲೆ ನಿಲ್ಲಿಸಿ ಬಿಗೀಬೇಕಾಗಿತ್ತು!

ಗಂಡ: ಇದು ಇಷ್ಟು ಸಂತೋಷ ಪಡೋ ವಿಷಯ ಅಲ್ಲ ಕಣಯ್ಯಾ.

ತಮ್ಮ: ಕಾರಣ ಸಿಕ್ತಲ್ಲ ಭಾವ. ಯಜಮಾನರು ಬಂದ ತಕ್ಷಣ ಮೊದಲು ಇದನ್ನೇ ಹೇಳ್ತೀನಿ.

ಹೆಂಡತಿ: ಹೇಳಿದ್ರೆ ಕೈಕಾಲು ಮುರೀತೀನಿ. ಇವತ್ತು ನೀನು ಬಾಯಿಗೆ ಬೀಗ ಹಾಕ್ಕೊಂಡಿರ್ಬೇಕು. ಅವರು ಏನೇ ಕೇಳ್ಲಿ, ಉತ್ತರ ನಾನು ಹೇಳ್ತೀನಿ.

ತಮ್ಮ: ಸುಳ್ಳು ಹೇಳೋಕಾಗಲ್ಲ ಅಕ್ಕ ನನಗೆ.

ಹೆಂಡತಿ: ಸುಳ್ಳು ಬೇಡ. ಸುಮ್ನಿರೋಕಾಗುತ್ತಾ?

ತಮ್ಮ: (ಬಹಳ ಯೋಚಿಸಿ) ಯಾವತ್ತೂ ಮಾಡಿ ನೋಡಿಲ್ಲ.

ಹೆಂಡತಿ: ನನಗೋಸ್ಕರ ಮಾಡು.

ಅವನು ತಲೆಯಾಡಿಸಿದ. ಶೆಡ್ಡಿನ ಮಧ್ಯೆ ಒಂದು ಗುಂಡಿ ಇತ್ತು, ಒಳಗೆ ನಿಂತು ಮೇಲಿನ ವಾಹನದ ಅಡಿಯನ್ನು ನೋಡುವುದಕ್ಕೆ. ಗಂಡ ಕಾರನ್ನು ಅದರ ಮೇಲೆ ತಂದು ನಿಲ್ಲಿಸಿದ. ತಮ್ಮ ಗುಂಡಿಗಿಳಿದು ಬೋಲ್ಟುಗಳನ್ನು ಸಡಿಲಿಸಿದ.

ತಮ್ಮ: (ಕೆಳಗಿಂದ) ಈಗ ಎಲ್ಲರೂ ಕಾರಲ್ಲಿ ಕೂತ್ಕೊಳ್ಳಿ. ಯಾವಾಗ್ಲೂ ಹೇಗೆ ಕೂರ್ತೀರೋ ಹಾಗೇ. ಅದೇ ಭಾರಕ್ಕೆ ಬಿಗೀತೀನಿ.

ಹೆಂಡತಿ: ಯಾವಾಗ್ಲೂ ಅಂದ್ರೆ ನಾನು ಹಿಂದೆ.

ಗಂಡ: ಯಾಕೆ ಹಾಗೆ ಅಂತೀಯ?

ಹೆಂಡತಿ: ಹಾಗೆ ಅಂದ್ರೆ ಹೇಗೆ? ಹಿಂದೆ ಅಂದೆ, ಅಷ್ಟೇ. ಮದುವೆ ಆದಾಗಿಂದ ಹಿಂದೆ ತಾನೆ?

ಅತ್ತೆ: ಮುಂದೆ ಕೂರು ಅಂದ್ರೆ ನೀನು ಯಾವತ್ತಾದ್ರೂ ಕೂತಿದೀಯಾ?

ಹೆಂಡತಿ: ನೀವು ಯಾವತ್ತು ಅಂದಿದೀರಾ?

ಅತ್ತೆ: ನಿನಗೇ ಇವನ ಪಕ್ಕ ಕೂರೋಕೆ ಇಷ್ಟ ಇಲ್ವೇನೋ ಅಂತ ನಾನು ಸುಮ್ನೆ ಕೂತೆ.

ಹೆಂಡತಿ: ಅಯ್ಯೋ, ಮುಂದೆ ಕೂತ್ರೆ ನೀವೆಲ್ಲಿ ನೊಂದ್ಕೋತೀರೋ ಅಂತ ನಾನು ಹಿಂದೆ ಕೂತೆ!

ಅತ್ತೆ: ಏನು ನೊಂದ್ಕೊಳ್ಳೋದು? ಮುಂದೆ ಬಿಸಿಲು, ಕಣ್ಣಿಗೆ ಹೊಡೆಯುತ್ತೆ. ಇವನು ಬ್ರೇಕ್ ಹಾಕಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತೆ. ನಿಮ್ಮ ಮದುವೆ ಆದಾಗಿಂದ ಜೀವ ಹಿಡ್ಕೊಂಡು ಕೂತಿದೀನಿ ನಾನು.

ಗಂಡ: ಇದರ ಬಗ್ಗೆ ನನ್ನನ್ನ ಯಾರೂ ಕೇಳಲೇ ಇಲ್ಲ.

ಹೆಂಡತಿ ಮತ್ತು ಅತ್ತೆ: ನೀವು ಓಡಿಸಿ. ನೀನು ಓಡಿಸು.

ತಮ್ಮ: (ಕೆಳಗಿಂದ) ಯಾರಾದ್ರೂ ಎಲ್ಲಾದ್ರೂ ಕೂತ್ಕೊಳ್ಳಿ, ಬೇಗ!

ಹೆಂಡತಿ ಮುಂದೆ ಹೋಗಿ ಕೂತಳು. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು, ಹೊಸ ಮನೆಗೆ ಬಂದವರಂತೆ ಎಡಬಲ ನೋಡಿದರು.

ಗಂಡ: ಹೀಗೆ ಬಿಗಿದ್ರೆ, ಇನ್ಮೇಲೆ ಸೀಟು ಬದಲಾಯಿಸೋ ಹಾಗಿಲ್ವೇನಯ್ಯಾ?

ತಮ್ಮ: ಬದಲಾಯಿಸ್ಬಹುದು ಭಾವ, ಅದಕ್ಕೂ ಇದಕ್ಕೂ—

ಹೆಂಡತಿ: ಈಗಿಂದಲೇ ಅಭ್ಯಾಸ ಮಾಡೋ!

ಗುಂಡಿಯಲ್ಲಿ ಮೌನ.

ತಮ್ಮ: (ಸ್ವಲ್ಪ ಹೊತ್ತಾದ ಮೇಲೆ) ಕೆಲಸದ ಮಾತು ಆಡ್ಬಹುದಾ?

ಹೆಂಡತಿ: ಆಡು.

ತಮ್ಮ: ಕೂತಲ್ಲೇ ಸ್ವಲ್ಪ ಕುಪ್ಪಳಿಸಿ. ರಬ್ಬರ್ ತನ್ನ ಜಾಗಕ್ಕೆ ಬರ್ಬೇಕು. ಮೂರೂ ಜನ ಒಟ್ಟಿಗೆ. ನಾನು ಸಾಕು ಅನ್ನೋವರೆಗೂ.

ಮೂವರೂ ಕುಪ್ಪಳಿಸತೊಡಗಿದರು. ಟೈರ್ ಅಂಗಡಿಯ ಯಜಮಾನರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಶೆಡ್ಡಿಗೆ ಬಂದದ್ದು ಆಗಲೇ. ದಪ್ಪಗಿನ ಮನುಷ್ಯ, ಯಾವುದಕ್ಕೂ ಆಶ್ಚರ್ಯಪಡುವ ಜಾತಿಯಲ್ಲ. ನಿಂತ ಕಾರಿನಲ್ಲಿ ಒಬ್ಬ ಗುಮಾಸ್ತ, ಒಬ್ಬಳು ಟೈಲರ್, ಒಬ್ಬ ವೃದ್ಧೆ ಗಂಭೀರವಾಗಿ ಮುಂದೆ ನೋಡುತ್ತಾ ಮೇಲೆ ಕೆಳಗೆ ಹೋಗಿ ಬರುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

ಯಜಮಾನರು: ಏನಮ್ಮಾ ಇದು?

ಹೆಂಡತಿ: (ಕುಪ್ಪಳಿಸುತ್ತಲೇ) ನಮಸ್ಕಾರ ಸರ್. ಕೊನೇ ಸಲ ಪರೀಕ್ಷೆ ಮಾಡ್ತಿದೀವಿ. ನನ್ನ ತಮ್ಮ ಹಾಗೇ ಯಾರಿಗೂ ಕೊಡಲ್ಲ.

ತಮ್ಮ: (ಕೆಳಗಿಂದ) ಸಾಕು.

ಸ್ಪ್ಯಾನರಿನ ಸದ್ದು ಕೇಳಿಸಿತು, ನಾಲ್ಕು ಕಡೆಯಿಂದಲೂ. ಆಮೇಲೆ ತಮ್ಮ ಮೇಲೆ ಬಂದು, ಯಜಮಾನರಿಗೆ ಕೈಮುಗಿದು, ತುಟಿ ಬಿಗಿದು ನಿಂತ. ಹಿಂದಿನ ಸೀಟಿನಲ್ಲಿ ಅತ್ತೆ ಒಂದು ಕಡೆ, ತಮ್ಮ ಇನ್ನೊಂದು ಕಡೆ, ನಡುವೆ ಯಜಮಾನರು. ಗಂಡ ಕಾರನ್ನು ಓಣಿಯಿಂದ ಹೊರಗೆ ತಂದ. ಅವರು ಬರುವಾಗ ಎದ್ದು ಕೂತಿದ್ದ ಗುಂಡಿ ಎದುರಾಯಿತು. ಕಾರು ಅದರಲ್ಲಿ ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು. ಹೆಂಡತಿ ಉಸಿರು ಬಿಟ್ಟಳು.

ಯಜಮಾನರು: ಪರವಾಗಿಲ್ವೇ. ತೊಟ್ಟಿಲ ಹಾಗಿದೆ. ಇಳಿಸಿದ ಕಾರು ಇಷ್ಟು ಮೆತ್ತಗಿರೋದು ನಾನು ನೋಡಿಲ್ಲ.

ಗಂಡ: ಈಗ ರಸ್ತೆಯೇ ಗೊತ್ತಾಗ್ತಾ ಇಲ್ಲ ಸರ್.

ಹೆಂಡತಿ ಅವನನ್ನು ನೋಡಿದಳು.

ಗಂಡ: ಒಳ್ಳೇ ಅರ್ಥದಲ್ಲಿ ಹೇಳ್ದೆ.

ಯಜಮಾನರು: ಏನಪ್ಪಾ, ನೀನೇನೂ ಮಾತಾಡ್ತಾ ಇಲ್ಲ?

ಹೆಂಡತಿ: ಕೆಲಸ ಮಾಡೋದು ಜಾಸ್ತಿ ಸರ್, ಮಾತು ಕಮ್ಮಿ.

ಅತ್ತೆಗೆ ಕೆಮ್ಮು ಬಂತು. ಅಷ್ಟರಲ್ಲಿ ಹಂಪ್ ಬಂತು. ಗಂಡ ಅಭ್ಯಾಸಬಲದಿಂದ ಬ್ರೇಕ್ ಹಾಕಿದ.

ಗಂಡ: ಇಳೀರಿ.

ಹೆಂಡತಿ, ಅತ್ತೆ ಅಭ್ಯಾಸಬಲದಿಂದಲೇ, ತಮ್ಮ ಅವರನ್ನು ನೋಡಿ, ಬಾಗಿಲು ತೆಗೆದು ಇಳಿದರು. ಯಜಮಾನರು ಒಬ್ಬರೇ ಒಳಗೆ ಉಳಿದರು.

ಯಜಮಾನರು: ಯಾಕಮ್ಮಾ, ಏನಾಯ್ತು?

ಹೆಂಡತಿ: ನೀವೂ ಬನ್ನಿ ಸರ್. ಊಟ ಆದ ಮೇಲೆ ನಾಲ್ಕು ಹೆಜ್ಜೆ ನಡೆದ್ರೆ ಒಳ್ಳೇದಲ್ವಾ?

ಯಜಮಾನರು: (ಯೋಚಿಸಿ) ಅದೂ ಸರಿಯೇ.

ನಾಲ್ವರೂ ಸಾಲಾಗಿ ಹಂಪ್ ದಾಟಿದರು. ಗಂಡ ಒಬ್ಬನೇ ಇದ್ದ ಕಾರು ಅವರ ಪಕ್ಕದಲ್ಲಿ ತಾಗಿಯೂ ತಾಗದ ಹಾಗೆ ದಾಟಿತು. ಎಲ್ಲರೂ ಮತ್ತೆ ಹತ್ತಿದರು. ತಮ್ಮನ ಮುಖ ಕೆಂಪಾಗಿತ್ತು. ಕೆನ್ನೆ ಒಳಗಿಂದ ಕಚ್ಚಿಕೊಂಡಿದ್ದ.

ಯಜಮಾನರು: ಒಂದು ಮಾತು ಕೇಳ್ತೀನಿ, ಇದಕ್ಕೆ ಮಾತ್ರ ಹುಡುಗನೇ ಉತ್ತರ ಹೇಳ್ಲಿ. ನಮ್ಮಲ್ಲಿ ಇಳಿಸಿದ ಕಾರೆಲ್ಲ ಗಟ್ಟಿಯಾಗಿದೆ ಅಂತ ವಾಪಸ್ ಬರುತ್ತೆ. ನಿನಗೆ ಮೊದಲನೇ ಸಲಕ್ಕೇ ಇಷ್ಟು ಮೆತ್ತಗೆ ಬಂತಾ?

ತಮ್ಮ ಅಕ್ಕನ ಕಡೆ ನೋಡಿದ.

ಯಜಮಾನರು: ಕೇಳಿಸ್ತಾ? ಮೊದಲನೇ ಸಲಕ್ಕೇ ಬಂತಾ?

ಹೆಂಡತಿ ಕನ್ನಡಿಯಲ್ಲಿ ನೋಡಿದಳು. ತಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಈ ಮುಖ ಹುಟ್ಟಿದ ದಿನದಿಂದ ಅವಳಿಗೆ ಗೊತ್ತು; ಸಕ್ಕರೆ ಕದ್ದು ತಿಂದು, ಯಾರೂ ಕೇಳುವ ಮೊದಲೇ ಬಂದು ಹೇಳುತ್ತಿದ್ದ ಮುಖ. ಮಾತನ್ನು ಹೀಗೆ ನುಂಗಿಕೊಂಡು ಕೂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಅದನ್ನು ಮಾಡಿಸಿದ್ದು ತಾನು. ಕೆಲಸ ಸಿಗದಿದ್ದರೆ ಹೋಗಲಿ, ಈ ಮುಖ ಇಟ್ಟುಕೊಂಡು ಅವನು ದಿನವೂ ಕೆಲಸಕ್ಕೆ ಹೋಗುವುದು ಬೇಡ ಅನ್ನಿಸಿತು.

ಹೆಂಡತಿ: ಬರ್ಲಿಲ್ಲ ಸರ್.

ಗಂಡ: ಏನೇ!

ಹೆಂಡತಿ: ಬರ್ಲಿಲ್ಲ. ಒಂದು ವಾರ ನಮ್ಮ ಬೆನ್ನು ಮುರಿದಿದೆ ಈ ಕಾರು. ಚಕ್ರ ನೇತಾಡುವಾಗ ಬೋಲ್ಟ್ ಬಿಗಿದಿದ್ದ. ಈಗ ನೀವು ಬರೋಷ್ಟರಲ್ಲಿ ನೆಲದ ಮೇಲಿಟ್ಟು ಬಿಗಿದ. ಕೆಡಿಸಿದ್ದೂ ಅವನೇ, ಸರಿಮಾಡಿದ್ದೂ ಅವನೇ. ಅವನು ನಿಮಗೆ ಹೇಳೋಕೆ ಹೊರಟಿದ್ದ. ಬಾಯಿ ಮುಚ್ಚಿಸಿದ್ದು ನಾನು.

ಯಜಮಾನರು ಬಾಯಿಯಿಂದ ಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡರು. ಅತ್ತೆ ಸುಮ್ಮನಿದ್ದರು, ಹಲ್ಲಿದ್ದೂ.

ಯಜಮಾನರು: ಅಂದ್ರೆ ಇವನಿಗೆ ಹೇಳ್ಬೇಕು ಅನ್ನಿಸ್ತಾ ಇತ್ತು.

ಹೆಂಡತಿ: ಹೌದು ಸರ್.

ಯಜಮಾನರು: ನಾನು ಎರಡು ಸಲ ಕೇಳಿದ್ರೂ ಹೇಳ್ಲಿಲ್ಲ.

ಹೆಂಡತಿ: ಇಲ್ಲ ಸರ್.

ಯಜಮಾನರು: ನೋಡಮ್ಮಾ, ಕೆಡಿಸದೇ ಕಲಿತೋರು ಯಾರೂ ಇಲ್ಲ. ನಾನು ಎಷ್ಟು ಕೆಡಿಸಿದೀನಿ ಅಂತ ನನ್ನ ಹೆಂಡತಿಗೂ ಗೊತ್ತಿಲ್ಲ. ಇವನ ಕೈ ಬಗ್ಗೆ ನನಗೆ ಅನುಮಾನ ಇರ್ಲಿಲ್ಲ, ಬಾಯಿ ಬಗ್ಗೆ ಇತ್ತು. ಗಿರಾಕಿ ಮುಂದೆ ಹೊಟ್ಟೇಲಿರೋದನ್ನೆಲ್ಲ ಕಕ್ಕಿಬಿಡ್ತಾನೆ, ಸೇರಿಸ್ಕೋಬೇಡಿ ಅಂತ ಊರೆಲ್ಲ ಹೇಳಿತ್ತು. ಇವತ್ತು ಕಣ್ಣಲ್ಲೇ ನೋಡಿದೆ. ಕಣ್ಣೀರು ಬಂತು, ಮಾತು ಬರ್ಲಿಲ್ಲ. ಸೋಮವಾರದಿಂದ ಬಾರಪ್ಪಾ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಹಿಂದಿನಿಂದ ಅವಳ ಹೆಗಲು ತಟ್ಟಿದರು. ಗಂಡ ರಸ್ತೆಯಿಂದ ಕಣ್ಣು ತೆಗೆಯದೆ ಒಮ್ಮೆ ಮೂಗೆಳೆದ. ತಮ್ಮ ಎದೆ ತುಂಬಾ ಉಸಿರೆಳೆದು ಬಿಟ್ಟ.

ತಮ್ಮ: ತುಂಬಾ ಉಪಕಾರ ಆಯ್ತು ಸರ್. ಈಗ ಕೆಲಸ ಖಾತ್ರಿ ಆಯ್ತಲ್ಲ, ಒಂದು ಸಣ್ಣ ವಿಷಯ. ಹಂಪಲ್ಲಿ ನಾವು ಇಳಿದಿದ್ದು ಊಟಕ್ಕೋಸ್ಕರ ಅಲ್ಲ. ಸ್ಪ್ರಿಂಗ್ ಕತ್ತರಿಸುವಾಗ ನಾನು ಅಳತೆ ತಪ್ಪಿ—

ಗಂಡ ಮೊಣಕೈಯನ್ನು ಹಾರ್ನ್ ಮೇಲೆ ಊರಿದ. ಹಾರ್ನ್ ಉದ್ದಕ್ಕೂ ಕೂಗಿತು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಯಜಮಾನರು: ಏನಂದ ಅವನು?

ಗಂಡ: ಹಾರ್ನೂ ಇವನೇ ಸರಿಮಾಡಿದ್ದು ಅಂತಿದ್ದ ಸರ್.

ತಮ್ಮ: ಹಾರ್ನ್ ನಾನು ಮುಟ್ಟೇ ಇಲ್ಲ ಭಾವ.